ಆನೆ ಮೇಲೆ ಬೀಳುವಾಗ ದೊಡ್ಡ ಕೋವಿ ಏನು ಮಾಡುತ್ತೆ, ಏನು ಮಾಡಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟದಲ್ಲಿ ಆನೆ ತುಳಿದು ಯಾರಾದ್ರೂ ಸತ್ತಾಗಲೆಲ್ಲ ಒಂದು ಮಾತು ಎದ್ದೇ ಏಳುತ್ತೆ, ಅರಣ್ಯ ಇಲಾಖೆಯ ಪ್ರತಿಯೊಬ್ಬ ಗಾರ್ಡಿಗೂ ಆನೆ ಹೊಡೆಯೋ ಅಂಥ ದೊಡ್ಡ ರೈಫಲ್ ಕೊಡಿ, ಇಲ್ಲಾಂದ್ರೆ ನಮಗೇ ಕೊಡಿ, ನಾವೇ ನೋಡ್ಕೋತೀವಿ ಅಂತ. ನಿಮ್ಮ ಓದುಗರ ಅಂಕಣದಲ್ಲೂ ಇಂಥ ಪತ್ರ ಬಂದಿದೆ. ಬರೆದವರ ಸಿಟ್ಟು ನನಗೆ ಪೂರ್ತಿ ಅರ್ಥ ಆಗುತ್ತೆ, ಬೆಳಿಗ್ಗೆ ಕಾಫಿ ಕುಯ್ಯೋಕೆ ಅಂತ ಹೋದ ಹೆಂಗಸು ಸಾಯಂಕಾಲ ಮನೆಗೆ ಬರಲಿಲ್ಲ ಅಂದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. ಆದ್ರೆ ದೊಡ್ಡ ಬೋರಿನ, ಅಂದ್ರೆ ಅಗಲ ನಳಿಗೆಯ, ರೈಫಲ್ ಅಂದ್ರೆ ಏನು, ಮೇಲೆ ಬೀಳ್ತಿರೋ ಪ್ರಾಣಿ ಮುಂದೆ ಅದು ಹೆಂಗೆ ಕೆಲಸ ಮಾಡುತ್ತೆ ಅನ್ನೋ ಬಗ್ಗೆ ನಮ್ಮಲ್ಲಿ ಇರೋದು ಬರೀ ಸಿನಿಮಾ ತಿಳುವಳಿಕೆ, ಅದನ್ನ ನಂಬ್ಕೊಂಡು ನೀತಿ ಮಾಡಿದ್ರೆ ಇನ್ನಷ್ಟು ಜನ ಸಾಯ್ತಾರೆ ಅಂತ ಈ ಪತ್ರ ಬರೀತಿದೀನಿ. ನನ್ನ ಮಾತು ಮೊದಲೇ ಹೇಳ್ಬಿಡ್ತೀನಿ. ಎಲ್ಲರಿಗೂ ದೊಡ್ಡ ರೈಫಲ್ ಬೇಡ. ಆದ್ರೆ ಆನೆಗೆ ಅರಿವಳಿಕೆ ಡಾರ್ಟ್ ಹೊಡೆಯೋಕೆ ಹೋಗೋ ತಂಡದಲ್ಲಿ ಪಳಗಿದ ಕೈಯಲ್ಲಿ ಅಂಥದ್ದೊಂದು ರೈಫಲ್ ಇರಲೇಬೇಕು, ಅದಿಲ್ದೆ ಆ ತಂಡ ಕಾಡಿಗೆ ಇಳೀಬಾರ್ದು.

ನಮ್ಮ ಮನೇಲಿ ತಾತನ ಕಾಲದಿಂದ ಜೋಡಿ ನಳಿಗೆ 12 ಬೋರ್ ಕೋವಿ ಇದೆ, ಬೆಳೆ ರಕ್ಷಣೆ ಲೈಸೆನ್ಸಿಂದು, ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಹೊತ್ಕೊಂಡು ಹೋಗಿ ಇಟ್ಟು ಬರ್ತೀವಿ. ಅದು ಹಂದಿ ಓಡ್ಸೋಕೆ ಇರೋ ಕೋವಿ. ಆಮೇಲೆ ಕೆಲಸದ ಮೇಲೆ ಕೆಲವು ವರ್ಷ ದಕ್ಷಿಣ ಆಫ್ರಿಕಾದಲ್ಲಿದ್ದೆ, ಕ್ರೂಗರ್ ಪಾರ್ಕಿನ ಪಕ್ಕದ ನೆಲ್‌ಸ್ಪ್ರೇಟ್ ಊರಲ್ಲಿ, ಈಗ ಅದಕ್ಕೆ ಎಂಬೊಂಬೆಲಾ ಅಂತಾರೆ. ಅಲ್ಲಿ ಕಾಡಲ್ಲಿ ಜನರನ್ನ ನಡೆಸ್ಕೊಂಡು ಹೋಗೋ ಗೈಡುಗಳ ಸಹವಾಸ ಆಯ್ತು, ಅವರ ರೈಫಲ್ ರೇಂಜಿಗೂ ಹೋಗಿ ನೋಡಿದೀನಿ. ಈ ವಿಷಯದ ಬಗ್ಗೆ ಓದೋ ಹುಚ್ಚು ಹತ್ತಿದ್ದು ಅಲ್ಲಿಂದ.

ಮೊದಲು ಒಂದು ತಪ್ಪು ತಿಳುವಳಿಕೆ ಹೋಗ್ಬೇಕು. ದೊಡ್ಡ ಗುಂಡು ಬಿದ್ರೆ ಆನೆ ಹಿಂದಕ್ಕೆ ತಳ್ಳಿಸ್ಕೊಂಡು ಬೀಳುತ್ತೆ ಅಂತ ಜನ ತಿಳ್ಕೊಂಡಿದಾರೆ. ಲೆಕ್ಕ ಹಾಕಿ ನೋಡಿ. ಆಫ್ರಿಕಾದಲ್ಲಿ ಇವತ್ತಿಗೂ ಜಾಸ್ತಿ ಓಡಾಡೋ .458 ವಿಂಚೆಸ್ಟರ್ ಮ್ಯಾಗ್ನಮ್ (.458 ಅನ್ನೋದು ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ), 1956ರಲ್ಲಿ ಬಂದಿದ್ದು, ಅದರ ಗುಂಡು 500 ಗ್ರೇನ್, ಅಂದ್ರೆ 32 ಗ್ರಾಂ ಚಿಲ್ರೆ, ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 650 ಮೀಟರ್ ವೇಗ. ಈಚೆ ಕಡೆ 4 ಟನ್ ತೂಕದ ಸಲಗ ಸೆಕೆಂಡಿಗೆ 7 ಮೀಟರ್ ಲೆಕ್ಕದಲ್ಲಿ ಬರ್ತಾ ಇದೆ. ತೂಕ ಇಂಟು ವೇಗ ಎರಡಕ್ಕೂ ಗುಣಿಸಿ ನೋಡಿದ್ರೆ ಗುಂಡಿನ ರಭಸ ಆನೆ ರಭಸದ ಸಾವಿರದಲ್ಲಿ ಒಂದು ಪಾಲೂ ಆಗಲ್ಲ. ತಳ್ಳಿ ನಿಲ್ಲಿಸೋದು ಅನ್ನೋದೇ ಇಲ್ಲ. ಹಾಗಾದ್ರೆ ಏನು ನಿಲ್ಸುತ್ತೆ? ಮೆದುಳಿಗೆ ಇಲ್ಲಾ ಬೆನ್ನುಹುರಿಗೆ ಬಿದ್ರೆ ಅಲ್ಲೇ ಕುಸಿಯುತ್ತೆ. ಹೃದಯಕ್ಕೇ ಬಿದ್ರೂ ಸರಿಯೇ, ಅದು ಸಾಯುತ್ತೆ ನಿಜ, ಆದ್ರೆ ಸಾಯೋಕೆ ಮುಂಚೆ ನೂರು ಗಜ ಓಡೋ ಶಕ್ತಿ ಅದಕ್ಕೆ ಇರುತ್ತೆ, ಆ ನೂರು ಗಜದೊಳಗೆ ನೀವು ನಿಂತಿರ್ತೀರಿ. ಇದನ್ನ ಬಿಟ್ರೆ ಉಳಿಯೋದು ನೋವಿಗೋ ಸದ್ದಿಗೋ ಪೆಟ್ಟಿನ ಆಘಾತಕ್ಕೋ ಅದು ತಾನಾಗೇ ದಿಕ್ಕು ಬದಲಾಯಿಸೋದು, ಅದು ಆನೆಯ ಮರ್ಜಿ.

ಇನ್ನು ಟೈಮಿನ ವಿಚಾರ. ಆನೆ ಗಂಟೆಗೆ 40 ಕಿಲೋಮೀಟರ್ ಓಡುತ್ತೆ ಅಂತ ಎಲ್ಲ ಕಡೆ ಬರೀತಾರೆ, ಆದ್ರೆ ಥಾಯ್ಲೆಂಡಲ್ಲಿ ಏಷ್ಯಾದ ಆನೆಗಳನ್ನ ಓಡಿಸಿ ಅಳೆದು 2003ರಲ್ಲಿ ನೇಚರ್ ಪತ್ರಿಕೇಲಿ ಬಂದ ಸಂಶೋಧನೆ ಪ್ರಕಾರ ಸೆಕೆಂಡಿಗೆ 6.8 ಮೀಟರ್, ಗಂಟೆಗೆ ಹೆಚ್ಚುಕಮ್ಮಿ 25 ಕಿಲೋಮೀಟರ್. ಇದು ಕಮ್ಮಿ ಅಂತ ಸಮಾಧಾನ ಪಟ್ಕೋಬೇಡಿ, ರೊಬಸ್ಟಾ ಕಾಫಿ ಗಿಡದ ಮಧ್ಯೆ ಪ್ಯಾಂಟು ಸಿಗಿಸ್ಕೊಂಡು ಓಡೋ ಮನುಷ್ಯ ಇದರ ಅರ್ಧನೂ ಓಡಲ್ಲ, ಆನೆ ಗಿಡದ ಮೇಲೇ ನಡ್ಕೊಂಡು ಬರುತ್ತೆ. 20 ಮೀಟರ್ ದೂರದಿಂದ ಹೊರಟ್ರೆ ಮೂರು ಸೆಕೆಂಡಿಗೆ ನಿಮ್ಮ ಮೇಲೆ. ನಮ್ಮ ತೋಟಗಳಲ್ಲಿ 20 ಮೀಟರ್ ಕಾಣೋ ಜಾಗ ಎಷ್ಟಿದೆ ಹೇಳಿ? ಮಳೆಗಾಲದಲ್ಲಿ ಮಂಜು ಮುಸುಕಿದಾಗ ಹತ್ತು ಮೀಟರಲ್ಲಿ ನಿಂತಿರೋ ಆನೆ ಬೆನ್ನು ಬಂಡೆ ಅಂತಲೇ ಕಾಣುತ್ತೆ. ಅಂದ್ರೆ ಒಂದೂವರೆ ಸೆಕೆಂಡು. ಅಷ್ಟರಲ್ಲಿ ಹೆಗಲಿಂದ ರೈಫಲ್ ಇಳಿಸಿ, ಸೇಫ್ಟಿ ತೆಗೆದು, ಕೆನ್ನೆಗೆ ಕೂರಿಸಿ, ಓಲಾಡ್ತಾ ಬರೋ ತಲೆಯಲ್ಲಿ ಗುರಿ ಹುಡುಕಿ, ಕುದುರೆ, ಅಂದ್ರೆ ಟ್ರಿಗರ್, ಎಳೀಬೇಕು. ಗುರಿ ತಪ್ಪಿದ್ರೆ ಎರಡನೇದಕ್ಕೆ ಟೈಮ್ ಇಲ್ಲ.

ಆ ತಲೆ ಬಗ್ಗೆಯೂ ಹೇಳ್ತೀನಿ. ಇಷ್ಟು ದೊಡ್ಡ ತಲೆ, ಎಲ್ಲಿ ಹೊಡೆದ್ರೂ ಬೀಳುತ್ತೆ ಅನ್ಸುತ್ತೆ. ಮೆದುಳು ನಾಲ್ಕೈದು ಕೆಜಿ ಅಷ್ಟೇ, ಅದೂ ತಲೆಯ ಹಿಂಭಾಗದಲ್ಲಿ ಕೆಳಗೆ ಕೂತಿರುತ್ತೆ. ನಮಗೆ ಮುಂದಿಂದ ಕಾಣೋ ಆ ಎತ್ತರದ ಹಣೆ, ಮೇಲಿನ ಎರಡು ಉಬ್ಬು, ಅದೆಲ್ಲ ಒಳಗೆ ಜೇನು ಹುಟ್ಟಿನ ಥರ ಗೂಡು ಗೂಡಾಗಿರೋ ಗಾಳಿ ತುಂಬಿದ ಮೂಳೆ. ಗುಂಡು ಅಲ್ಲಿ ಹೊಕ್ಕು ಆ ಕಡೆ ಹೋದ್ರೂ ಆನೆಗೆ ಸಾವು ಬರಲ್ಲ, ಸಿಟ್ಟು ಮಾತ್ರ ಬರುತ್ತೆ. ಅದರ ಮೇಲೆ ಆಫ್ರಿಕಾ ಆನೆ ತಲೆಯ ಆಕಾರವೇ ಬೇರೆ, ನಮ್ಮದರ ತಲೆ ಆಕಾರವೇ ಬೇರೆ, ಆನೆ ತಲೆ ಎತ್ತಿದ್ರೆ ಗುರಿ ಒಂದು ಕಡೆ, ತಗ್ಗಿಸಿದ್ರೆ ಇನ್ನೊಂದು ಕಡೆ, ನೀವು ತಗ್ಗಲ್ಲಿ ನಿಂತು ಅದು ಇಳಿಜಾರಲ್ಲಿ ಬರ್ತಿದ್ರೆ ಮತ್ತೊಂದು. ಮಲೆನಾಡಲ್ಲಿ ಸಮತಟ್ಟು ಜಾಗ ಹುಡುಕ್ಕೊಂಡು ಆನೆ ಮೇಲೆ ಬೀಳಲ್ಲ. ಆಫ್ರಿಕಾದಲ್ಲಿ ದಂತಕ್ಕಾಗಿ ಸಾವಿರಕ್ಕೂ ಮೇಲೆ ಆನೆ ಕೊಂದ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಅನ್ನೋನು ಆನೆ ತಲೆಬುರುಡೆಯನ್ನ ಗರಗಸದಲ್ಲಿ ಸೀಳಿಸಿ ಮೆದುಳು ಎಲ್ಲಿದೆ ಅಂತ ಅಭ್ಯಾಸ ಮಾಡಿದ್ದ. ಅವನು ಹೆಚ್ಚು ಬಳಸಿದ್ದು .275 ರಿಗ್ಬಿ ಅನ್ನೋ ಸಣ್ಣ ರೈಫಲ್, 7 ಮಿಲಿಮೀಟರ್ ನಳಿಗೆ, ಗುಂಡು ಬರೀ 11 ಗ್ರಾಂ ಆಸುಪಾಸು. ಜಿಮ್ ಕಾರ್ಬೆಟ್ ಹತ್ರ ಇದ್ದ ರಿಗ್ಬಿಯೂ ಅದೇ .275. ಬೆಲ್‌ನ ಆ ಸಾವಿರ ಚಿಲ್ರೆ ಆನೆಗಳ ಲೆಕ್ಕ ಓದುವಾಗ ನನಗೆ ಮೈ ಉರಿಯುತ್ತೆ, ಅದನ್ನ ಸಾಹಸ ಅಂತ ನಾನು ಕರೆಯಲ್ಲ, ಆದ್ರೆ ಒಂದು ಸತ್ಯ ಅಲ್ಲಿದೆ, ಜಾಗ ಗೊತ್ತಿದ್ದೋನಿಗೆ ಸಣ್ಣ ಗುಂಡೂ ಸಾಕು, ಗೊತ್ತಿಲ್ದೋನಿಗೆ ಫಿರಂಗಿ ಕೊಟ್ರೂ ಸಾಲಲ್ಲ. ಬೆಲ್ ಹೊಡೀತಾ ಇದ್ದದ್ದು ಬಹುತೇಕ ತನ್ನ ಪಾಡಿಗೆ ನಿಂತಿದ್ದ ಆನೆಗಳಿಗೆ, ತನಗೆ ಬೇಕಾದ ಕೋನ ಸಿಗೋವರೆಗೂ ಕಾದು. ಮೇಲೆ ಬರೋ ಆನೆ ಮುಂದೆ ಆ ಆರಾಮ ಇರಲ್ಲ, ಅದಕ್ಕೇ ಅವನ ಕಾಲದ ಬೇರೆ ಬೇಟೆಗಾರರು ಅವನ ಮಾತು ಕೇಳದೆ ದೊಡ್ಡ ಬೋರೇ ಹಿಡ್ಕೊಂಡ್ರು.

ದೊಡ್ಡ ಬೋರಿಗೆ ಇರೋ ನಿಜವಾದ ಉಪಯೋಗ ಇಷ್ಟು: ಗುರಿ ಒಂದೆರಡು ಇಂಚು ತಪ್ಪಿ ಮೆದುಳಿನ ಪಕ್ಕ ಹೋದ್ರೂ ಆ ಪೆಟ್ಟಿಗೆ ಆನೆ ಒಂದು ಗಳಿಗೆ ತತ್ತರಿಸುತ್ತೆ, ಮಂಡಿ ಊರುತ್ತೆ, ಎರಡನೇ ಈಡಿಗೆ ಜಾಗ ಸಿಗುತ್ತೆ. ಮೊಜಾಂಬಿಕ್ ಕಡೆ ಬೇಟೆ ಆಡ್ತಿದ್ದ ಜಾನ್ ಟೇಲರ್ ಅನ್ನೋನು ಇದಕ್ಕೇ ಒಂದು ಸೂತ್ರ ಮಾಡಿದ್ದ, ಗುಂಡಿನ ತೂಕ, ವೇಗ, ದಪ್ಪ ಮೂರನ್ನೂ (ಗ್ರೇನ್, ಅಡಿ, ಇಂಚಿನ ಲೆಕ್ಕದಲ್ಲಿ) ಗುಣಿಸಿ 7000ದಿಂದ ಭಾಗಿಸೋದು. ಬೆಲ್‌ನ .275ಕ್ಕೆ 16ರ ಹತ್ರ ಬರುತ್ತೆ, ಹಾಲೆಂಡ್ ಕಂಪನಿಯ .375ಕ್ಕೆ 40, .458ಗೆ 70, .600 ನೈಟ್ರೋಗೆ 150 ದಾಟುತ್ತೆ. ವಿಜ್ಞಾನಿಗಳು ಇದನ್ನ ಒಪ್ಪಲ್ಲ, ಸರಿಯೇ, ಮಾಂಸ ಮೂಳೆಗೆ ಆಗೋ ಗಾಯಾನ ಹಿಂಗೆ ಒಂದು ನಂಬರಲ್ಲಿ ಹೇಳೋಕಾಗಲ್ಲ, ಆದ್ರೂ ಆನೆ ತಲೆಗೆ ಗುಂಡು ಬಿದ್ದಾಗ ಏನಾಯ್ತು ಅಂತ ಕಣ್ಣಾರೆ ಕಂಡೋನ ಅಂದಾಜು ಅದು. ಗುಂಡು ಯಾವುದು ಅನ್ನೋದೂ ಮುಖ್ಯ. ಆನೆಗೆ ಬೇಕಾಗಿರೋದು ಸಾಲಿಡ್ ಗುಂಡು, ಮೂತಿ ಅರಳದೆ ನೇರವಾಗಿ ಎರಡು ಅಡಿ ಮೂಳೆ ಸೀಳ್ಕೊಂಡು ಹೋಗೋದು. ಹುಲಿ, ಚಿರತೆಗೆ ಅದೇ ಹಾಕಿದ್ರೆ ಸೂಜಿ ಚುಚ್ಚಿದ ಹಂಗೆ ತೂರಿ ಹೊರಗೆ ಹೋಗುತ್ತೆ, ಅದಕ್ಕೆ ಅರಳೋ ಮೂತಿಯ ಗುಂಡು ಬೇಕು. ಬೆಂಗಳೂರಿನ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಇಟ್ಕೊಂಡಿದ್ರು, ಆನೆ ರೈಫಲ್ ಅಲ್ಲ ಅದು, ನರಭಕ್ಷಕ ಹುಲಿ ಚಿರತೆಗೆ ಸಾಕಾಗ್ತಿತ್ತು. ಹುಲಿ ಚಿರತೆ ಮೇಲೆ ಬೀಳೋ ವಿಷಯ ಬೇರೆಯೇ, ಅದರ ಬಗ್ಗೆ ಇನ್ನೊಂದು ಪತ್ರವೇ ಬೇಕು.

ನಮ್ಮ ನಾಡಿಗೂ ಈ ರೈಫಲುಗಳಿಗೂ ಹಳೇ ನಂಟಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 1870ರ ದಶಕದಲ್ಲಿ ಮೈಸೂರು ಸೀಮೇಲಿ ಖೆಡ್ಡಾ ಮಾಡಿ ಆನೆ ಹಿಡಿಸಿದ ಸ್ಯಾಂಡರ್ಸನ್ ಕಾಲದಲ್ಲಿ ಕರಿಮದ್ದಿನ ಕೋವಿಗಳೇ ಇದ್ದಿದ್ದು, 8 ಬೋರ್, 4 ಬೋರ್ ಅಂತ. ಒಂದು ಪೌಂಡು ಸೀಸದಲ್ಲಿ ನಳಿಗೆ ಅಳತೆಯ ಉಂಡೆ ಎಷ್ಟಾಗುತ್ತೋ ಅದು ಬೋರಿನ ಲೆಕ್ಕ, 4 ಬೋರ್ ಅಂದ್ರೆ ಒಂದೊಂದು ಉಂಡೆ ಕಾಲು ಪೌಂಡು, ನೂರು ಗ್ರಾಂ ಮೇಲೆ. ಹೊಡೆದ್ರೆ ಎದುರಿಗೆ ಹೊಗೆ ತುಂಬ್ಕೊಂಡು ಆನೆ ಬಿತ್ತೋ ಬರ್ತಾ ಇದೆಯೋ ಅಂತಲೇ ಕಾಣ್ತಿರಲಿಲ್ಲ, ಹೆಗಲು ಕಿತ್ಕೊಂಡು ಬರ್ತಿತ್ತು. ಆಫ್ರಿಕಾದಲ್ಲಿ ಫ್ರೆಡ್ರಿಕ್ ಸೆಲೂಸ್ ಅನ್ನೋ ಬೇಟೆಗಾರ ಚಿಕ್ಕ ವಯಸ್ಸಲ್ಲಿ 4 ಬೋರ್ ಕೋವಿ ಹೊಡೆದು ಹೊಡೆದು ನರ ಹಾಳಾಗಿ, ಆಮೇಲೆ ಸಣ್ಣ ರೈಫಲಲ್ಲೂ ಗುರಿ ಅಲುಗ್ತಿತ್ತು, ಅದನ್ನ ಯಾಕಾದ್ರೂ ಮುಟ್ಟಿದೆನೋ ಅಂತ ಅವನೇ ಹಲುಬಿದಾನೆ. ಈ ಮಾತನ್ನ ಎಲ್ಲರಿಗೂ ದೊಡ್ಡ ರೈಫಲ್ ಕೊಡಿ ಅನ್ನೋರು ಗಮನ ಇಟ್ಟು ಕೇಳ್ಬೇಕು. 1898ರಲ್ಲಿ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ತಂದ ಮೇಲೆ ಹೊಗೆ ಇಲ್ಲದ ಮದ್ದು, ಕಮ್ಮಿ ತೂಕ, ಆದ್ರೆ ಆನೆಗೆ ಸಾಕಾಗೋ ಪೆಟ್ಟು, ಎಲ್ಲಾ ಒಟ್ಟಿಗೆ ಸಿಕ್ತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಹೆದರಿಕೆ ಹುಟ್ಟಿ, ದಂಗೆ ಏಳೋರ ಕೈ ಸೇರಿದ ಸೈನ್ಯದ ಹಳೇ ಮಾರ್ಟಿನಿ ಬಂದೂಕಿಗೆ ಆಗೋ ಅಳತೆ ಅಂತ ಭಾರತದಲ್ಲಿ .450 ನಿಷೇಧ ಮಾಡ್ತು. ಲಂಡನ್ನಿನ ಕೋವಿ ಕಂಪನಿಗಳು ಈ ಮಾರುಕಟ್ಟೆ ಬಿಡೋಕಾಗ್ದೆ .465, .470, .475 ಅಂತ ಅದೇ ಶಕ್ತಿಯ ಬೇರೆ ಬೇರೆ ಅಳತೆ ತಂದ್ವು. ಇವತ್ತು ಇಡೀ ಆಫ್ರಿಕಾ ಹೊತ್ಕೊಂಡು ತಿರುಗೋ .470 ಡಬಲ್ (ಜೋಡಿ ನಳಿಗೆ) ರೈಫಲಿನ ಜನ್ಮಕ್ಕೆ ನಮ್ಮ ದೇಶದ ಒಂದು ಕಾನೂನು ಕಾರಣ.

ಈಗ ನೆಲ್‌ಸ್ಪ್ರೇಟ್ ಹತ್ರದ ಆ ರೇಂಜಲ್ಲಿ ನೋಡಿದ್ದನ್ನ ಹೇಳ್ತೀನಿ. ಗೈಡ್ ಆಗೋಕೆ ಬಂದ ಹುಡುಗರು, ಕೈಯಲ್ಲಿ .375 ಇಲ್ಲಾ .458 ಬೋಲ್ಟ್ ರೈಫಲ್, ಅಂದ್ರೆ ಒಂದೊಂದು ಈಡಿಗೂ ಹಿಡಿ ಎಳೆದು ತಳ್ಳಿ ತೋಟೆ ತುಂಬೋದು. ತಂತಿ ಎಳೆದು ಹಳಿ ಮೇಲೆ ಒಂದು ಗಾಡಿ, ಅದರ ಮುಂದೆ ಕಾಡೆಮ್ಮೆ ಮುಖದ ಹಲಗೆ. ಹುಡುಗ ನಿಂತಿರ್ತಾನೆ, ಹಿಂದಿನಿಂದ ಇನ್‌ಸ್ಟ್ರಕ್ಟರ್ ಬೇಕಂತಲೇ ಏನೋ ಮಾತಾಡಿಸ್ತಾ ಇರ್ತಾನೆ, ಮಾತಿನ ಮಧ್ಯೆ ಗಾಡಿ ಸದ್ದಿಲ್ಲದೆ ಹೊರಟುಬಿಡುತ್ತೆ. ಒಬ್ಬ ಹುಡುಗ, ಕಾಗದದ ಗುರಿಗೆ ಹೊಡೆಯುವಾಗ ಎಲ್ಲರಿಗಿಂತ ಚೆನ್ನಾಗಿ ಹೊಡೆದಿದ್ದೋನು, ಗಾಡಿ ಬರುವಾಗ ಬೋಲ್ಟನ್ನ ಅರ್ಧಕ್ಕೇ ಎಳೆದು ಮುಂದಕ್ಕೆ ತಳ್ಳಿದ, ಖಾಲಿ ತೋಟೆ ಹೊರಗೆ ಬೀಳಲಿಲ್ಲ, ಹೊಸದು ಒಳಗೆ ಹೋಗಲಿಲ್ಲ, ಹಲಗೆ ಬಂದು ಅವನ ಕಾಲ ಮುಂದಿನ ಮರಳು ಚೀಲಕ್ಕೆ ಡಿಕ್ಕಿ ಹೊಡೀತು. ಅವನ ಕೈ ನೋಡಿದೆ ನಾನು, ಹೆಬ್ಬೆರಳು ಬೋಲ್ಟಿನ ಗುಂಡಿ ಮೇಲೆ ಬಿಳಿಚಿಕೊಂಡಿತ್ತು, ಬಿಡಿಸ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಎದುರಿಗೆ ಇದ್ದದ್ದು ಬರೀ ಮರದ ಹಲಗೆ, ಜೀವಕ್ಕೆ ಅಪಾಯ ಏನೂ ಇಲ್ಲ ಅಂತ ಅವನಿಗೂ ಗೊತ್ತಿತ್ತು. ಗುರಿಯಿಂದ ಕಣ್ಣು ತೆಗೀದೆ ತೋಟೆ ತುಂಬೋದು, ಸಿಡಿಯದ ತೋಟೆ ಮಧ್ಯದಲ್ಲಿ ಬೇಕಂತ ಸೇರಿಸಿ ಕೊಟ್ಟಾಗ ಗಾಬರಿ ಆಗದೆ ಅದನ್ನ ಎಳೆದು ಬಿಸಾಕಿ ಮುಂದಿನದು ಹೊಡೆಯೋದು, ಇದನ್ನೇ ಮತ್ತೆ ಮತ್ತೆ ಮಾಡಿಸ್ತಾರೆ. ಪಾಸಾದ್ರೂ ಮುಗೀಲಿಲ್ಲ, ಆಗಾಗ ಬಂದು ಮತ್ತೆ ತೋರಿಸ್ಬೇಕು.

ಇಷ್ಟೆಲ್ಲ ಕಲಿತ ಆ ಗೈಡುಗಳು ಹೆಮ್ಮೆಯಿಂದ ಹೇಳ್ಕೊಳ್ಳೋದು ಏನು ಗೊತ್ತಾ, ಇಷ್ಟು ವರ್ಷದಲ್ಲಿ ನಾನು ಒಂದೂ ಪ್ರಾಣಿಗೆ ಹೊಡೀಲಿಲ್ಲ ಅಂತ. ಹೊಡೆಯೋ ಪರಿಸ್ಥಿತಿ ಬಂದ್ರೆ ಅದು ಅವರ ಲೆಕ್ಕದಲ್ಲಿ ಸೋಲು, ಯಾಕೆ ಬಂತು, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಲದ್ದಿ ಬಿಸಿ ಇದ್ರೂ ಯಾಕೆ ಮುಂದೆ ಹೋದೆ ಅಂತ ವಿಚಾರಣೆ ನಡೆಯುತ್ತೆ. ಕ್ರೂಗರಲ್ಲಿ ಎಂಟು ಜನಕ್ಕಿಂತ ಹೆಚ್ಚು ಪ್ರವಾಸಿಗಳನ್ನ ನಡೆಸ್ಕೊಂಡು ಹೋಗಲ್ಲ, ಮುಂದೆ ಇಬ್ಬರು ರೈಫಲಿನವರು, ಒಬ್ಬರು ಜನರನ್ನ ನೋಡ್ಕೋತಾರೆ ಒಬ್ಬರು ಪ್ರಾಣಿಯನ್ನ. ಆನೆ ಕಿವಿ ಅಗಲಿಸಿ ಘೀಳಿಟ್ಟು ಬಂದ್ರೆ ಹೆಚ್ಚಿನ ಸಲ ಅದು ಹೆದರ್ಸೋಕೆ, ಅರ್ಧ ದಾರಿಗೇ ನಿಲ್ಲುತ್ತೆ. ಸೊಂಡಿಲು ಸುತ್ಕೊಂಡು ಸದ್ದಿಲ್ದೆ ಬಂದ್ರೆ ಅದು ನಿಜ ಅಂತ ಹೇಳ್ತಾರೆ. ಈ ಗುರುತೂ ಯಾವಾಗ್ಲೂ ಹೊಂದಲ್ಲ, ಅದಕ್ಕೇ ಕೊನೇ ಕ್ಷಣದವರೆಗೂ ಹೊಡೀದೆ ನಿಂತಿರೋದು ಹೊಡೆಯೋದಕ್ಕಿಂತ ಕಷ್ಟ. ಹೆದರಿದೋನು 30 ಮೀಟರಲ್ಲೇ ಹೊಡೀತಾನೆ, ಸುಮ್ನೆ ಗದರಿಸೋಕೆ ಬಂದ ಆನೆಗೆ ಗಾಯ ಮಾಡ್ತಾನೆ, ಆಮೇಲೆ ಅದು ನಿಜವಾಗ್ಲೂ ಬರುತ್ತೆ. ಗಾಯದ ಪ್ರಾಣಿ ಅನ್ನೋದೇ ಈ ಇಡೀ ಕಥೆಯ ಮೂಲ. ಆಫ್ರಿಕಾದಲ್ಲಿ ಕಾಡೆಮ್ಮೆಯಿಂದ ಸತ್ತ ಬೇಟೆಗಾರರಲ್ಲಿ ಬಹಳ ಜನ ಮೊದಲ ಗುಂಡು ತಪ್ಪಾಗಿ ಹೊಡೆದು ಗಾಯ ಮಾಡಿದ ಮೇಲೆ ಹಿಂದೆ ಹುಡುಕ್ಕೊಂಡು ಹೋದೋರು.

ಅದನ್ನ ನಮ್ಮೂರಿಗೆ ತಂದು ನೋಡಿ. ಗದ್ದೆಗೆ, ತೋಟಕ್ಕೆ ಬಂದ ಆನೆಗೆ ರಾತ್ರಿ ಹೊತ್ತು ಕೇಪಿನ ಕೋವೀಲೋ 12 ಬೋರಲ್ಲೋ ಚರೆ, ಅಂದ್ರೆ ಸಣ್ಣ ಸೀಸದ ಕಾಳು, ಹೊಡೆದು ಓಡಿಸೋರು ಇದಾರೆ, ಇಲ್ಲ ಅಂತ ಯಾರೂ ಸುಳ್ಳು ಹೇಳೋದು ಬೇಡ. ಚರೆ ಆನೆ ಚರ್ಮದೊಳಗೆ ಹೋಗಿ ಕೂರುತ್ತೆ, ಕೀವು ಆಗುತ್ತೆ, ಸಾಯಲ್ಲ. ಎಷ್ಟೋ ಆನೆಗಳ ಪೋಸ್ಟ್ ಮಾರ್ಟಂನಲ್ಲಿ ಹಳೇ ಚರೆ ಸಿಗ್ತವೆ. ದಪ್ಪ ಚರೆಯ ಎಲ್.ಜಿ. ತೋಟೆ ಹಾಕಿದ್ರೂ ಅಷ್ಟೇ, ಅದು ಹಂದಿಗೆ ಮಾಡಿದ್ದು, ಆನೆ ತಲೆಬುರುಡೆ ಒಳಗೆ ಹೋಗೋ ಶಕ್ತಿ ಅದಕ್ಕಿಲ್ಲ. ರಾತ್ರಿ ಹೊಡೆದೋನು ಮನೇಲಿ ಬೆಚ್ಚಗೆ ಮಲಗಿರ್ತಾನೆ, ಬೆಳಿಗ್ಗೆ ಅದೇ ಆನೆ ಎದುರಿಗೆ ಸಿಗೋದು ಲೈನ್ ಮನೆಯಿಂದ ಬುಟ್ಟಿ ಹಿಡ್ಕೊಂಡು ಹೊರಟ ಕೂಲಿ ಹೆಂಗಸರಿಗೆ, ಅವರ ಕೈಲಿ ಒಂದು ಕೋಲೂ ಇರಲ್ಲ. ಈ ಅನ್ಯಾಯದ ಬಗ್ಗೆ ತೋಟದ ಮಾಲೀಕರು ನಾವು ಬಾಯಿ ಬಿಡ್ಬೇಕು. ನಮ್ಮ ಕೈಗೆ .458 ಕೊಟ್ರೆ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯುತ್ತೆ, ಚರೆ ಗಾಯದ ಬದ್ಲು ಮುರಿದ ಭುಜದ ಆನೆ ಊರೊಳಗೆ ನುಗ್ಗುತ್ತೆ.

ಗಾರ್ಡುಗಳಿಗೆ ಕೊಡೋದೂ ಹಂಗೇ. ಅವರು ದಿನಾ ನಡೆಯೋದು ಮೈಲಿಗಟ್ಲೆ, ಸಂಬಳ ಸಾಲಲ್ಲ, ಮಳೇಲಿ ನೆನೀತಾರೆ, ವರ್ಷಕ್ಕೆ ಅವರಿಗೆ ಎಷ್ಟು ತೋಟೆ ಅಭ್ಯಾಸಕ್ಕೆ ಕೊಡ್ತೀರಿ? .458 ಒಂದು ಸಲ ಹೊಡೆದ್ರೆ ಭುಜಕ್ಕೆ ಬೀಳೋ ಒದೆ ಮಾಮೂಲಿ .30-06 ರೈಫಲಿನ ಮೂರರಷ್ಟು. ಅಭ್ಯಾಸ ಇಲ್ದೋನು ಎರಡನೇ ಸಲಕ್ಕೇ ಕಣ್ಣು ಮುಚ್ಕೊಂಡು ಕುದುರೆ ಎಳೀತಾನೆ. ಇಲಾಖೇಲಿ ಇರೋ .315 ರೈಫಲು, 12 ಬೋರುಗಳು ಗಾಳಿಗೆ ಹೊಡೆದು ಸದ್ದು ಮಾಡೋಕೆ, ಕಳ್ಳಬೇಟೆಯವರನ್ನ ಹೆದರ್ಸೋಕೆ ಸರಿ, ಅಷ್ಟಕ್ಕೇ ಇರಲಿ. ಗಾರ್ಡಿಗೆ ಬೇಕಾಗಿರೋದು ಒಳ್ಳೆ ಬೂಟು, ವಾಕಿಟಾಕಿ, ಜೊತೆಗೆ ಇನ್ನೊಬ್ಬ ಮನುಷ್ಯ, ಮತ್ತೆ ಆನೆ ಎಲ್ಲಿದೆ ಅನ್ನೋ ಮೆಸೇಜು ಬೆಳಕು ಹರಿಯೋ ಮುಂಚೆ ಊರಿನ ಎಲ್ಲರ ಮೊಬೈಲಿಗೂ ಹೋಗೋ ವ್ಯವಸ್ಥೆ.

ಆದ್ರೆ ಡಾರ್ಟ್ ತಂಡದ ಮಾತು ಬೇರೆ, ನಾನು ಇಷ್ಟುದ್ದ ಬರೆದಿದ್ದೇ ಅದಕ್ಕೆ. 2023ರ ಆಗಸ್ಟ್ 31, ಆಲೂರು ತಾಲ್ಲೂಕು. ಗಾಯಗೊಂಡಿದ್ದ ಭೀಮ ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡೋಕೆ ಅಂತ ಅರಿವಳಿಕೆ ಹೊಡೆಯೋಕೆ ಹೋದ ಆನೆ ವೆಂಕಟೇಶ್ ಅವರ ಮೇಲೆ ಆನೆ ತಿರುಗಿ ಬಿತ್ತು, ಅವರು ಉಳೀಲಿಲ್ಲ. ಆನೆ ಅನ್ನೋ ಹೆಸರು ಅವರಿಗೆ ಸುಮ್ನೆ ಬಂದಿರಲಿಲ್ಲ, ವರ್ಷಾನುಗಟ್ಲೆ ಈ ಕೆಲಸ ಮಾಡಿ ಪಳಗಿದ ಜೀವ ಅದು. ಅವತ್ತಿನ ತಪ್ಪು ಯಾರ ಮೇಲೆ ಹೊರಿಸೋದು ಅಂತ ಈ ಪತ್ರ ಅಲ್ಲ. ಆ ಕೆಲಸದ ಒಳಗೇ ಒಂದು ಅಪಾಯ ಕೂತಿದೆ, ಅದನ್ನ ನೋಡಿ. ಡಾರ್ಟ್ ಗನ್ನು ಸಿರಿಂಜನ್ನ ಗಾಳಿ ಒತ್ತಡದಲ್ಲಿ ಎಸೆಯೋ ಸಲಕರಣೆ, ಮೂವತ್ತು ನಲವತ್ತು ಮೀಟರ್ ಒಳಗೆ ಹೋಗ್ಲೇಬೇಕು, ಗಿಡದ ಕೊಂಬೆ ತಾಗಿದ್ರೂ ದಿಕ್ಕು ತಪ್ಪುತ್ತೆ. ನಮ್ಮಲ್ಲಿ ಬಳಸೋ ಝೈಲಜೀನ್, ಕೆಟಮಿನ್ ಔಷಧಿ ಹತ್ತೋಕೆ ಹತ್ತು ಹದಿನೈದು ನಿಮಿಷ ಬೇಕು. ಆನೆ ಬಂದು ತಲುಪೋಕೆ ಬೇಕಾಗಿರೋದು ಐದಾರು ಸೆಕೆಂಡು. ಅಂದ್ರೆ ಡಾರ್ಟ್ ಹೊಡೆದೋನು ತನ್ನ ಕೈಲಿದ್ದ ಒಂದೇ ಆಯುಧ ಖಾಲಿ ಮಾಡ್ಕೊಂಡು, ಈಗಷ್ಟೇ ಚುಚ್ಚಿಸ್ಕೊಂಡು ರೊಚ್ಚಿಗೆದ್ದ ಪ್ರಾಣಿ ಎದುರಿಗೆ ನಿಂತಿರ್ತಾನೆ. ಅವನ ಪಕ್ಕದಲ್ಲಿ ಯಾರು?

ಸಾಕಿದ ಆನೆಗಳು ಇರ್ತವಲ್ಲ ಅಂತೀರಿ. ಅದೇ ವರ್ಷ ಡಿಸೆಂಬರ್ 4ಕ್ಕೆ ಯಸಳೂರಲ್ಲಿ ನಡೆದದ್ದು ಮರೆತ್ರಾ? ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ಆ ಒಂಟಿ ಸಲಗದ ಕೈಲಿ ಸತ್ತ. ಇಡೀ ನಾಡು ಅತ್ತಿತು, ಸ್ಮಾರಕದ ಮಾತಾಯ್ತು. ಅರವತ್ತು ದಾಟಿದ ಆನೆಯನ್ನ ತಂದು ಗುರಾಣಿ ಮಾಡಿ ನಿಲ್ಲಿಸೋದು ಬಿಟ್ಟು ಬೇರೆ ದಾರಿ ನಮ್ಮ ಹತ್ರ ಯಾಕಿಲ್ಲ ಅಂತ ಕೇಳಿದೋರು ಕಮ್ಮಿ.

ಇಲ್ಲಿ ಬೇಕಾಗಿರೋದು ಒಂದೊಂದು ಕಾರ್ಯಾಚರಣೆ ತಂಡಕ್ಕೆ ಒಬ್ಬ, ಸಾಧ್ಯವಾದ್ರೆ ಇಬ್ಬರು, ಬೇರೆ ಯಾವ ಕೆಲಸವೂ ಇಲ್ಲದ ರಕ್ಷಕ ಶೂಟರು. ಅವನ ಕೈಯಲ್ಲಿ .375 ಇಲ್ಲಾ .458, ಸಾಲಿಡ್ ತೋಟೆ, ಗಟ್ಟಿ ಬೋಲ್ಟ್ ರೈಫಲ್ ಸಾಕು, ಕೋಟಿ ಬೆಲೆಯ ಲಂಡನ್ ಡಬಲ್ ಬೇಡ. ಅವನು ಡಾರ್ಟ್ ಹೊಡೆಯೋನ ಭುಜದ ಪಕ್ಕ ನಿಂತಿರ್ತಾನೆ, ಫೋಟೋ ತೆಗೆಯಲ್ಲ, ಫೋನಲ್ಲಿ ಮಾತಾಡಲ್ಲ, ಆನೆ ತಲೆ ಬಿಟ್ಟು ಬೇರೆ ಏನೂ ನೋಡಲ್ಲ. ಮೊದಲು ಕೂಗು, ಆಮೇಲೆ ಗಾಳಿಗೆ ಒಂದು ಈಡು, ಅದಕ್ಕೂ ನಿಲ್ಲದೆ ಹತ್ತು ಹದಿನೈದು ಮೀಟರ್ ಒಳಗೆ ಬಂದ್ರೆ ಮಾತ್ರ ಆನೆಗೆ. ವರ್ಷಕ್ಕೊಂದು ಸಲ ಕಾಗದದ ಗುರಿಗೆ ಹೊಡೆದು ಸರ್ಟಿಫಿಕೇಟ್ ತಗೊಳ್ಳೋ ಹಂಗಲ್ಲ, ಹಳಿ ಮೇಲೆ ಓಡಿ ಬರೋ ಹಲಗೆ ಮುಂದೆ, ಇಳಿಜಾರಲ್ಲಿ, ಮಳೇಲಿ, ಕಾಫಿ ಗಿಡದ ಮಧ್ಯೆ ತಿಂಗಳು ತಿಂಗಳು ಅಭ್ಯಾಸ ಮಾಡ್ಬೇಕು. ಹಳಿ, ತಂತಿ, ಹಲಗೆಗೆ ಎಷ್ಟು ದುಡ್ಡು ಬೇಕು, ದೊಡ್ಡ ಖರ್ಚೇನಲ್ಲ. ಏಷ್ಯಾ ಆನೆಯ ತಲೆಬುರುಡೆಯ ಮಾದರಿ ಇಟ್ಕೊಂಡು ನಮ್ಮ ಪಶುವೈದ್ಯರೇ ಕೋನ ಹೇಳ್ಕೊಡ್ಬೇಕು, ಆಫ್ರಿಕಾ ಪುಸ್ತಕ ನೋಡಿ ಕಲಿತ್ರೆ ತಪ್ಪು ಜಾಗಕ್ಕೆ ಹೊಡೀತಾರೆ. ಮುಖ್ಯವಾಗಿ ಅವನಿಗೆ ವಾಪಸ್ ಕರ್ಕೊಂಡು ಬರೋ ಅಧಿಕಾರ ಇರ್ಬೇಕು, ಜಾಗ ಸರಿ ಇಲ್ಲ, ಇವತ್ತು ಬೇಡ ಅಂತ ಅವನು ಹೇಳಿದ್ರೆ ಮೇಲಿನ ಸಾಹೇಬರಾಗಲಿ, ಟಿವಿ ಕ್ಯಾಮೆರಾ ಆಗಲಿ, ಬೇಲಿ ಹಾರಿ ನಿಂತಿರೋ ಊರ ಜನ ಆಗಲಿ ಒತ್ತಡ ಹಾಕೋ ಹಂಗಿರಬಾರ್ದು.

ಪ್ರಾಣಿಪ್ರಿಯರು ಇದಕ್ಕೆ ಏನಂತಾರೆ ನನಗೆ ಗೊತ್ತು, ಆನೆ ಕೊಲ್ಲೋಕೆ ಲೈಸೆನ್ಸ್ ಕೇಳ್ತಿದಾನೆ ಅಂತ. ನಾನೂ ಆನೆ ಸಾಯೋದು ಬೇಡ ಅನ್ನೋನೇ. 2023ರ ಗಣತೀಲಿ ನಮ್ಮ ರಾಜ್ಯದಲ್ಲಿ 6395 ಆನೆ ಅಂತ ಬಂದಾಗ ದೇಶದಲ್ಲೇ ನಾವೇ ಮೊದಲು ಅಂತ ಖುಷಿ ಪಟ್ಟೋನು. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ನಲ್ಲೇ ಇದಕ್ಕೆ ಜಾಗ ಇದೆ, ತನ್ನ ಇಲ್ಲಾ ಇನ್ನೊಬ್ಬರ ಜೀವ ಉಳಿಸೋಕೆ ಪ್ರಾಮಾಣಿಕವಾಗಿ ಹೊಡೆದ್ರೆ ಅದು ಅಪರಾಧ ಅಲ್ಲ. ಹೊಸ ಕಾನೂನು ಬೇಕಾಗಿಲ್ಲ. ಬೇಕಾಗಿರೋದು ಹೊಡೆದ ಮೇಲೆ ಅವನನ್ನ ವರ್ಷಗಟ್ಲೆ ಕೋರ್ಟಿಗೆ ಅಲೆಸಲ್ಲ ಅನ್ನೋ ಭರವಸೆ, ಜೊತೆಗೆ ಪ್ರತಿ ಗುಂಡಿಗೂ ಲೆಕ್ಕ, ಹೆಲ್ಮೆಟ್ ಮೇಲೊಂದು ಕ್ಯಾಮೆರಾ, ಹೊರಗಿನ ತಜ್ಞರ ವಿಚಾರಣೆ. ಇನ್ನೊಂದು ವಿಷಯ ಪ್ರಾಣಿಪ್ರಿಯರು ಯೋಚಿಸ್ಲಿ. ಪಕ್ಕದಲ್ಲಿ ಧೈರ್ಯ ಹೇಳೋಕೆ ಒಬ್ಬ ಇದಾನೆ ಅಂತ ಗೊತ್ತಿದ್ರೆ ಡಾಕ್ಟರು ಅವಸರ ಪಡದೆ ಸರಿಯಾದ ಜಾಗಕ್ಕೆ, ಸರಿಯಾದ ಡೋಸು ಹೊಡೀತಾರೆ, ಆನೆಗೂ ಅದು ಒಳ್ಳೇದು. ಹೆದರಿಕೇಲಿ ಅರ್ಧಂಬರ್ಧ ಬಿದ್ದ ಡಾರ್ಟು, ಅರೆ ಮತ್ತಲ್ಲಿ ಕೆರೆಗೆ ಬಿದ್ದೋ ಇಳಿಜಾರಲ್ಲಿ ಉರುಳಿಯೋ ಸಾಯೋ ಆನೆ, ಅದಕ್ಕಿಂತ ಇದು ಮೇಲಲ್ವಾ.

ದೊಡ್ಡ ರೈಫಲಿನ ಆಸೆ ಇಟ್ಕೊಂಡಿರೋ ನಮ್ಮ ಹುಡುಗರಿಗೂ ಒಂದು ಮಾತು. ತೋಟದಲ್ಲಿ ಆನೆ ಇದೆ ಅಂದ್ರೆ ಅವತ್ತಿನ ಕೆಲಸ ನಿಲ್ಲಿಸಿ, ಕೂಲಿ ಕೊಟ್ಟು ಆಳುಗಳನ್ನ ಮನೆಗೆ ಕಳಿಸಿ. ಒಂದು ದಿನದ ಕೂಲಿ ಹೋಗುತ್ತೆ ಅಂತ ಮುಖ ಸಪ್ಪಗೆ ಮಾಡೋ ಮಾಲೀಕರನ್ನ ನಾನು ನೋಡಿದೀನಿ, ಆಮೇಲೆ ಅವರೇ ಅರಣ್ಯ ಇಲಾಖೆ ವಿರುದ್ಧ ರಸ್ತೆ ತಡೆಗೆ ಮುಂದೆ ನಿಂತಿರ್ತಾರೆ.

ಅರಣ್ಯ ಸಚಿವರಿಗೂ ಇಲಾಖೆ ಮುಖ್ಯಸ್ಥರಿಗೂ ನನ್ನ ಪ್ರಶ್ನೆ ಮೂರೇ, ನಿಮ್ಮ ಪತ್ರಿಕೆ ಮೂಲಕ ಉತ್ತರ ಬಂದ್ರೆ ಉಪಕಾರ. ಈಗ ಹಾಸನ, ಕೊಡಗು, ಚಿಕ್ಕಮಗಳೂರಲ್ಲಿ ಡಾರ್ಟ್ ಹೊಡೆಯೋ ತಂಡಗಳ ಜೊತೆ ಆನೆ ತಡೆಯೋ ಶಕ್ತಿ ಇರೋ ರೈಫಲ್ ಹೋಗ್ತಾ ಇದೆಯಾ, ಇದ್ರೆ ಯಾವ ಬೋರು? ಅದನ್ನ ಹಿಡಿಯೋನು ಕಳೆದ ವರ್ಷ ಅಭ್ಯಾಸಕ್ಕೆ ಎಷ್ಟು ತೋಟೆ ಹೊಡೆದಿದಾನೆ? ಜಾಗ ಸರಿ ಇಲ್ಲ ಅಂತ ಕಾರ್ಯಾಚರಣೆ ನಿಲ್ಲಿಸೋ ಅಧಿಕಾರ ಸ್ಥಳದಲ್ಲಿ ಯಾರ ಕೈಲಿದೆ, ಅದು ಲಿಖಿತವಾಗಿ ಇದೆಯಾ?

ಇಂತಿ ನಿಮ್ಮ ಓದುಗ,
ಒಬ್ಬ ಕಾಫಿ ಬೆಳೆಗಾರ,
ಸಕಲೇಶಪುರ ತಾಲ್ಲೂಕು